ಕೊನೆಯ ಗ್ಲಾಸಿನ ವಾಸನೆ

ನವೆಂಬರ್ ೧೪, ಶನಿವಾರ

ಇನ್ನೂ ಕನಸಿನಲ್ಲೇ ತೇಲುತ್ತಿದ್ದೇನೆ. ಆ ಜ್ವರ ಬಂದುಹೋದಾಗಿನಿಂದ ಮೂಗಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ; ಹೂವೂ ಒಂದೇ, ಸೀದ ಹಾಲೂ ಒಂದೇ. ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದರೆ ಅಯ್ಯೋ ಪಾಪ ಅನ್ನುತ್ತಾರೆ, ಅಷ್ಟೇ.

ಸಂಜೆ ನಾದಿನಿ ಬೀದಿ ಕೊನೆಯ ವೈನ್ ಅಂಗಡಿಗೆ ಎಳೆದುಕೊಂಡು ಹೋದಳು. ಫ್ರಾನ್ಸಿನ ಒಳ್ಳೊಳ್ಳೆಯ ವೈನುಗಳ ರುಚಿ ತೋರಿಸುತ್ತಾರಂತೆ. ಎಲ್ಲರೂ ಗ್ಲಾಸು ತಿರುಗಿಸಿ, ಮೂಗಿಳಿಸಿ, "ಚೆರ್ರಿ", "ಗುಲಾಬಿ" ಅನ್ನುತ್ತಿದ್ದರು. ನಾನೂ ತಲೆಯಾಡಿಸಿದೆ. ನನಗದು ಬರೀ ಕೆಂಪು ನೀರು.

ಕೊನೆಯದು ಎಲ್ಲಕ್ಕಿಂತ ದುಬಾರಿ. ಎಲ್ಲರೂ "ಆಹಾ" ಎಂದರು. ನಾನು ಸುಮ್ಮನೆ ಗ್ಲಾಸನ್ನು ಮುಖದ ಹತ್ತಿರ ತಂದೆ. ಒದ್ದೆ ರಟ್ಟು! ವರ್ಷಗಟ್ಟಲೆ ಮುಚ್ಚಿಟ್ಟ ನೆಲಮಾಳಿಗೆ! ಕಣ್ಣು ತುಂಬಿ ಬಂತು.

"ಮುಗ್ಗಲು ವಾಸನೆ!" ಎಂದು ಕೂಗಿಯೇಬಿಟ್ಟೆ. ನಾದಿನಿ ಕೈ ಚಿವುಟಿದಳು.

ಅಂಗಡಿಯವರು ಮೂಸಿ ಪೆಚ್ಚಾದರು. "ಹೌದಲ್ರೀ, ಕಾರ್ಕ್ ಕೆಟ್ಟು ವೈನೇ ಹಾಳಾಗಿದೆ. ಚೆಲ್ಲಿಬಿಡ್ತೀನಿ."

"ಬೇಡಿ, ನನಗೆ ಕೊಡಿ," ಅಂದೆ.

ಈಗ ಆ ಬಾಟಲಿ ಮಂಚದ ಪಕ್ಕ ಬಾಯಿ ತೆರೆದುಕೊಂಡು ಕೂತಿದೆ. ನಮ್ಮವರು ನಿದ್ದೆಗಣ್ಣಲ್ಲಿ ಗೊಣಗಿದರು: "ಏನೇ ಇದು, ಗಬ್ಬು ವಾಸನೆ ಬರ್ತಿದೆ, ಹೊರಗಿಡು."

"ಬರ್ತಿದೆ ಅಲ್ವಾ?" ಎಂದೆ. "ನಿಮಗೂ ಬರ್ತಿದೆ ಅಲ್ವಾ?"