ಮಂಗಲಾ ಹೊತ್ತ ಹೂವಿನ ಹರಕೆ

ಹಿರೇಗುತ್ತಿ
ತಾ. ೧೧-೨-೧೯೬೩

ಪ್ರೀತಿಯ ಮಗ ದೇವು,

ನಿನ್ನ ಕೆಮ್ಮು ಹೇಗಿದೆ? ಆ ಜಪಾನು ದೇಶದ ಕೋಬೆಯ ಥಂಡಿಯಲ್ಲಿ ತಲೆ ಮುಚ್ಚದೆ ಹೊರಬೀಳಬೇಡ. ಕಾಳುಮೆಣಸು ಮುಗಿದರೆ ಬರೆ, ನಿನಗೆ ಕೆಲಸ ಕೊಟ್ಟ ಶೇಟರ ಬೊಂಬಾಯಿ ಅಂಗಡಿಯವರ ಕೈಲಿ ಕಳಿಸುತ್ತೇನೆ. ಇಲ್ಲಿ ದೇವರ ದಯದಿಂದ ಎಲ್ಲ ಆರಾಮ. ಅಪ್ಪ ಶೇಂಗಾ ಗದ್ದೆಯಲ್ಲಿದ್ದಾರೆ.

ನೀನು, ಅಲ್ಲಿಯ ಎಣಿಕೆ ಕಲಿತ ಮೇಲೆಯೇ ಹೆಂಡತಿ ಮಂಗಲಾನ್ನ ಕರೆಸಿಕೊಳ್ಳುತ್ತೇನೆ, ಇಲ್ಲವಾದರೆ ಒಂದು ಮೀನು ತರಲಿಕ್ಕೂ ಅವಳು ಇನ್ನೊಬ್ಬರ ಮುಖ ನೋಡಬೇಕು ಎಂದು ಬರೆದಿದ್ದೆಯಲ್ಲ. ಅವಳಿಗೆ ಓದು ಬಾರದು; ನಿನ್ನ ಕಾಗದ ನಾನು ಓದುತ್ತೇನೆ, ಅವಳು ಬಾಯಿಪಾಠ ಮಾಡುತ್ತಾಳೆ. ಒಂದು, ಎರಡು ಎನ್ನಲು ಮನುಷ್ಯರಿಗೆ ಹಿತೋರಿ, ಫುತಾರಿ. ಮೀನಿಗೆ ಇಪ್ಪಿಕಿ, ನಿಹಿಕಿ. ಎಲೆಯಂಥ ಚಪ್ಪಟೆ ಸಾಮಾನಿಗೆ ಇಚಿಮಾಯ್, ನಿಮಾಯ್. ಎಂತ ಜನವಪ್ಪ ಅಂದೆ. ಆಮೇಲೆ ನೋಡಿದರೆ ನಾವೂ ಹೂವಿಗೆ ಮೊಳ, ಬಾಳೆಹಣ್ಣಿಗೆ ಚಿಪ್ಪು ಅನ್ನುತ್ತೇವೆ; ಭತ್ತ ಅಳೆವಾಗ ಮೊದಲ ಕೊಳಗಕ್ಕೆ ಒಂದು ಅನ್ನದೆ ಲಾಭ ಅನ್ನುತ್ತೇವೆ.

ಮೊನ್ನೆ ಸತ್ಯನಾರಾಯಣ ಪೂಜೆಯ ಊಟಕ್ಕೆ ಬಾಳೆಲೆ ಒರೆಸುತ್ತ ನಾನು ಇಪ್ಪಿಕಿ, ನಿಹಿಕಿ ಎಂದು ಎಣಿಸಿದೆ. "ಅಯ್ಯೋ ಅತ್ತೆ, ಪೂಜೆ ಎಲೆಗೆ ಮೀನು ತಂದ್ರಲ್ಲ!" ಎಂದು ಮಂಗಲಾ ಸೆರಗು ಬಾಯಿಗೊತ್ತಿ ನಕ್ಕಳು. ಪಕ್ಕದಲ್ಲಿದ್ದ ನೆರೆಮನೆ ಹೊನ್ನಮ್ಮ, "ನಗೂದು ಇರ್ಲಿ, ತಲೆಯಲ್ಲಿ ಹೂ ಎಲ್ಲಿ? ಎಂತ ಆತೆ ನಿಂಗೆ?" ಎಂದಳು. ಆಗ ತಿಳಿಯಿತು. ಎಣಿಕೆ ಸರಿಯಾಯಿತು ಎಂದು ನೀನು ಬರೆಯುವ ತನಕ ಹೂ ಮುಡಿಯುವುದಿಲ್ಲ ಎಂದು ಇಡಗುಂಜಿ ಗಣಪತಿಗೆ ಹೇಳಿಕೊಂಡಿದ್ದಾಳಂತೆ. "ಅವ್ರು ಪ್ರತಿ ಸಲ ಇನ್ನೂ ಸಾಲ್ದು ಅಂತ ಬರೀತಾರೆ ಹೊನ್ನಕ್ಕ, ನನ್ ತಲೇನೇ ಮಂದ" ಎಂದಳು. ನಾನು ತಲೆ ಎತ್ತದೆ ಒರೆಸಿದ ಎಲೆಯನ್ನೇ ಒರೆಸುತ್ತಿದ್ದೆ. ಅವತ್ತಿನಿಂದ ದೇವರಿಗೆ ಹೂ ಏರಿಸಲು ನನಗೆ ಮುಖವಿಲ್ಲ. ಅದನ್ನೂ ಅವಳೇ ಮಾಡುತ್ತಾಳೆ, ಬೋಳು ತುರುಬಿನಲ್ಲಿ.

ಗಣಪತಿ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಆಯಿ

ತಾ.ಕ.: ಟಪಾಲಿನವ ಬಂದು ನಿಂತಿದ್ದಾನೆ. ದೇವು, ಅವಳಿಗೆ ಎಲ್ಲ ಬರುತ್ತದೆ, ದೀಪಾವಳಿಗೇ ಬಂದಿತ್ತು. ಇನ್ನೂ ತಪ್ಪುತ್ತಾಳೆ ಎಂದು ನಾನು ಬರೆದದ್ದೆಲ್ಲ ಸುಳ್ಳು. ಅವಳು ಹೋದರೆ ಸಂಜೆ ನನ್ನ ಹಾಡಿಗೆ ದನಿ ಕೂಡಿಸುವವರು ಇಲ್ಲವಲ್ಲ ಎಂದು ಹಾಗೆ ಬರೆದೆ. ಟಿಕೀಟು ಕಳಿಸು. ಅವಳಿಗೆ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ನೀನೇ ಬರೆ, ತಪ್ಪು ಅವಳದಲ್ಲ, ಆಯಿಯದು ಎಂದು. ಅವಳಿಗೆ ಓದಿ ಹೇಳುವವಳು ನಾನೇ. ಈ ಸಲ ಒಂದಕ್ಷರ ಬಿಡದೆ ಓದುತ್ತೇನೆ.