ಕಾಲುಚೀಲ ತೊಟ್ಟ ಕ್ಯಾಮೆರಾದ ಪರವಾಗಿ

ಅಂತರ್ಜಾಲ ಸಂಪರ್ಕ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮನೆಯ ಕ್ಯಾಮೆರಾಕ್ಕೆ ಮಗಳು ಕಾಲುಚೀಲ ತೊಡಿಸಿದ್ದಾಳೆ. ಅದಕ್ಕೆ ತಾವೇ ಹೊಣೆ. ನಮ್ಮ ಕಟ್ಟಡದ ಮನೆಮನೆಗೂ ವೈಫೈ ಪೆಟ್ಟಿಗೆ ಹಾಕಿಸಿ, ಜೊತೆಗೊಂದು ಕ್ಯಾಮೆರಾವನ್ನೂ ಉಚಿತವಾಗಿ ದಯಪಾಲಿಸಿ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದೀರಿ. ಅದೂ ಎಂಥದ್ದು? ಒಂದರಿಂದ ಎಂಟರವರೆಗಿನ ಅಂಕಿಗಳು, ಸಾಲಾಗಿ. ಶಿಶುವಿಹಾರದ ಮಕ್ಕಳು ರಾಗವಾಗಿ ಒಪ್ಪಿಸುವಂಥದ್ದು. ಬದಲಿಸೋಣವೆಂದರೆ ಆ ಅಧಿಕಾರವನ್ನು ತಾವು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇದರಿಂದ ನಾವು ಎಷ್ಟು ಅನ್ಯೋನ್ಯವಾಗಿದ್ದೇವೆ ಗೊತ್ತೇ? ಎದುರುಮನೆಯವರು ಫೋನಿನಲ್ಲಿ ದೀಪ ಆರಿಸಿದರೆ ನಮ್ಮ ಬಚ್ಚಲು ಕತ್ತಲಾಗುತ್ತದೆ, ಅದೂ ನನ್ನ ತಲೆತುಂಬ ಸೋಪಿನ ನೊರೆ ಇರುವಾಗಲೇ. ನಾನು ಹಾಡು ಹಾಕಿದರೆ ಕೆಳಮನೆಯ ಟಿವಿ ಹಾಡುತ್ತದೆ. ಅಲ್ಲಿನ ಆಂಟಿ ಜಗಳಕ್ಕೆ ಬಂದರೆಂದು ನಾನು ಸೆರಗು ಬಿಗಿದು ನಿಂತರೆ, "ನಿನ್ನೆ ಹಾಕಿದ್ದೇ ಚೆನ್ನಾಗಿತ್ತು ಕಣೇ, ಅದನ್ನೇ ಹಾಕು" ಎಂದು ಹೇಳಿ ಹೋದರು. ಇಷ್ಟಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ.

ನಾನು ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಮಗಳು ಶಾಲೆಯಿಂದ ನನಗಿಂತ ಮೊದಲೇ ಮನೆ ಸೇರುತ್ತಾಳೆ. ಅವಳನ್ನು ನೋಡಲು, ಮಾತಾಡಿಸಲು ಅಡುಗೆಮನೆಯಲ್ಲಿ ತಮ್ಮ ಕ್ಯಾಮೆರಾ ಇಟ್ಟು, ಸಲೂನಿನ ಕನ್ನಡಿಗೆ ಫೋನು ಒರಗಿಸಿಕೊಂಡಿರುತ್ತೇನೆ. ಮೇಲ್ಮನೆಯಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರಿದ್ದಾರೆ. ಅವರಿಗೂ ತಾವು ಕ್ಯಾಮೆರಾ ಕೊಟ್ಟಿರಲ್ಲ, ಟಿವಿ ಮುಂದಿನ ಕುರ್ಚಿಯಿಂದ ಏಳದೆ ಒಲೆಯ ಮೇಲಿನ ಹಾಲು ಕಾಯಲು, ಉಕ್ಕಿದರೆ ಹೆಂಡತಿಯನ್ನು ಕೂಗಲು ಅದನ್ನು ಇಟ್ಟುಕೊಂಡರು. ಅವರ ಫೋನು ತಮ್ಮದರ ಬದಲು ನಮ್ಮ ಮನೆಯ ವೈಫೈ ಪೆಟ್ಟಿಗೆಗೆ ಸೇರಿಕೊಂಡು, "ಇಲ್ಲೊಂದು ಕ್ಯಾಮೆರಾ ಸಿಕ್ಕಿದೆ, ನಿಮ್ಮದೇ?" ಎಂದು ಕೇಳಿತಂತೆ. ಹೌದೆಂದು ಒತ್ತಿದರು. ಮರ್ಯಾದಸ್ಥರು ಇನ್ನೇನು ಮಾಡಿಯಾರು?

ಅಂದು ನಾನು ಒಬ್ಬರ ಮುಂಗೂದಲು ಅರ್ಧ ಕತ್ತರಿಸಿದ್ದೆ. ಮಗಳು ಹಾಲು ಬಿಸಿಗಿಟ್ಟು ಪುಸ್ತಕದಲ್ಲಿ ಮುಳುಗಿದ್ದಳು. ಕ್ಯಾಮೆರಾ ಗುಡುಗಿತು.

"ಲೇ, ಹಾಲು ಉಕ್ತಾ ಇದೆ, ಎಲ್ಲಿ ಹೋದೆ?"

ಮಗಳು ಹೌಹಾರಿ ಒಲೆ ಆರಿಸಿದಳು. "ಆಫ್ ಮಾಡ್ದೆ," ಎಂದಳು ಸಣ್ಣಗೆ.

"ಯಾರಮ್ಮಾ ನೀನು? ನಮ್ಮ ಅಡುಗೆಮನೇಲಿ ಏನ್ ಮಾಡ್ತಿದೀಯ?"

"ನೀವ್ಯಾರು? ನಮ್ಮ ಕ್ಯಾಮೆರಾದಲ್ಲಿ ಏನ್ ಮಾಡ್ತಿದೀರ?"

ನಾನೂ ಗಿರಾಕಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮುಂಗೂದಲು ಇವತ್ತಿಗೂ ಸೊಟ್ಟಗಿದೆ. ನಗು ನಿಂತ ಮೇಲೆ ಕತ್ತರಿ ಕೆಳಗಿಟ್ಟೆ. ಸದ್ಯ, ಅವರು ಮೇಲಿನ ತಾತ. ಬೇರೆ ಯಾರೋ ಆಗಿದ್ದರೆ, ಹಾಲಿನ ವಿಷಯ ಬಿಟ್ಟು ಇನ್ನೇನೋ ಕೇಳಿದ್ದರೆ? ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ತಮ್ಮ ಕಚೇರಿಗೆ ಫೋನು ಮಾಡಿದೆ. "ಎಲ್ಲಾ ಮನೆಗೂ ಒಂದೇ ಪಾಸ್‌ವರ್ಡ್ ಇದ್ರೆ ನಮ್ಮ ರಿಪೇರಿಯವ್ರಿಗೆ ಸುಲಭ ಮೇಡಂ," ಎಂದರು.

"ಕಳ್ಳರಿಗೂ ಸುಲಭ ಅಲ್ವಾ?" ಎಂದೆ.

"ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ."

ಹಾಗಾದರೆ ಕಳ್ಳರ ವಿಭಾಗ ಯಾವ ಮಹಡಿಯಲ್ಲಿದೆ, ತಿಳಿಸುವ ಕೃಪೆ ಮಾಡಿ. ಅಲ್ಲಿಯವರೆಗೆ ನನ್ನ ಬೇಡಿಕೆ ಇಷ್ಟೇ. ನಮ್ಮ ಪೆಟ್ಟಿಗೆಯ, ಕ್ಯಾಮೆರಾದ ಪಾಸ್‌ವರ್ಡ್ ಬದಲಿಸುವ ಹಕ್ಕು ನಮಗೆ ಕೊಡಿ. ಮನೆಗೊಂದು ಬೇರೆ ಪಾಸ್‌ವರ್ಡ್ ಇರಲಿ. ದೀಪ, ಟಿವಿ, ಕ್ಯಾಮೆರಾಗಳಿಗೆ ನಮ್ಮ ಫೋನುಗಳಿಂದ ಬೇರೆಯಾದ ಸಂಪರ್ಕ ಕೊಡಿ.

ಇದು ಅಷ್ಟು ಕಷ್ಟವೇ? ನನ್ನ ಮಗಳು ಆಗಲೇ ಜಾರಿಗೆ ತಂದಿದ್ದಾಳಲ್ಲ. ಈಗ ನಾನು ಕರೆದರೆ ಕಾಲುಚೀಲದಾಚೆಯಿಂದ ವಿಚಾರಣೆ ನಡೆಯುತ್ತದೆ. ದಿನಕ್ಕೊಂದು ಹೊಸ ಪ್ರಶ್ನೆ. ಉತ್ತರ ಸರಿಯಿದ್ದರೆ ಮಾತ್ರ ಕಾಲುಚೀಲ ಕೆಳಗಿಳಿದು ಮುಖ ಕಾಣುತ್ತದೆ. "ದನಿ ಯಾರು ಬೇಕಾದ್ರೂ ಮಾಡ್ಬಹುದು," ಎನ್ನುತ್ತಾಳೆ.

ನಿನ್ನೆ ಕೇಳಿದಳು, "ನನ್ನ ಬೆಸ್ಟ್ ಫ್ರೆಂಡ್ ಯಾರು?"

ಪಕ್ಕದ ಬೆಂಚಿನವಳ ಹೆಸರು ಹೇಳಿದೆ.

"ಅದು ಹೋದ ವಾರ. ನೀನು ನಮ್ಮಮ್ಮ ಅಲ್ಲ."

ಸಂಜೆಯವರೆಗೆ ಕಾಲುಚೀಲವನ್ನೇ ನೋಡುತ್ತಾ ಕೂದಲು ಕತ್ತರಿಸಿದೆ.

ಇಂತಿ,
ತಮ್ಮ ದಯೆಯಿಂದ, ತಾಯಿ ಎಂದು ಇನ್ನೂ ಸಾಬೀತಾಗದ ಗ್ರಾಹಕಿ