ಅತ್ತಿಗೆಯ ಈರುಳ್ಳಿ ಸೂಪು

ನವೆಂಬರ್ ೧೧, ಮಂಗಳವಾರ

ಅತ್ತಿಗೆಯ ಈರುಳ್ಳಿ ಸೂಪಿನ ಗುಟ್ಟು ಇಂದು ಸಿಕ್ಕಿತು. ಆಗಿನಿಂದ ಬೆರಗು ಇಳಿದೇ ಇಲ್ಲ.

ಯಾವಾಗ ಕೇಳಿದರೂ "ಅಳತೆಗಿಳತೆ ನಂಗೊತ್ತಿಲ್ಲ ಕಣೇ" ಅನ್ನುತ್ತಿದ್ದರು. ಅಡುಗೆ ಹುಚ್ಚಿನ ನಮ್ಮ ಗೆಳತಿಯರ ಗುಂಪಿನಲ್ಲಿ ಅವರಿಗೆ ಗುಟ್ಟು ಬಿಟ್ಟುಕೊಡದ ಜಿಪುಣಿ ಎಂದೇ ಹೆಸರು.

ಸಂಜೆ ಫೋನ್ ಮಾಡಿ ಅಂಗಲಾಚಿದೆ. "ಫೋನನ್ನ ಒಲೆ ಪಕ್ಕ ಇಟ್ಟು ಸುಮ್ನಿರು" ಅಂದರು. ನನ್ನ ಬಾಣಲೆಯಲ್ಲಿ ಈರುಳ್ಳಿ ಚುರುಗುಟ್ಟುತ್ತಿತ್ತು.

"ಇನ್ನೂ ನೀರಾರಿಲ್ಲ, ಸದ್ದು ದಪ್ಪ ಇದೆ" ಅಂದರು ಫೋನಿನಲ್ಲಿ.

ನನಗಂತೂ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಥಟ್ಟನೆ, "ಹಾಂ, ಇನ್ನು ಬಿಟ್ರೆ ತಳ ಹಿಡಿಯುತ್ತೆ, ನೀರು ಹಾಕು!" ಬಗ್ಗಿ ನೋಡಿದರೆ ಈರುಳ್ಳಿ ಅವರ ಸೂಪಿನ ಅದೇ ಜೇನಿನ ಬಣ್ಣಕ್ಕೆ ತಿರುಗಿತ್ತು. ಅವರಿರುವುದು ಊರಿನ ಆಚೆ ತುದಿಯಲ್ಲಿ!

"ಕಿವಿಯಲ್ಲೇ ಅಡುಗೆ ಮಾಡ್ತೀರಾ ಅತ್ತಿಗೆ?"

"ಇನ್ನೇನು ಮಾಡ್ಲಿ? ಆ ಜ್ವರ ಬಂದು ಹೋದಾಗಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ. ನಿಮ್ಮಣ್ಣಂಗೂ ಹೇಳಿಲ್ಲ."

ಸೂಪು ಥೇಟ್ ಅವರ ಕೈರುಚಿಯೇ. ಅದೂ ಅವರು ಮೂಸದೆ, ಮುಟ್ಟದೆ!

ಮಲಗಿದರೂ ಒಂದೇ ಯೋಚನೆ. ಬಡಿಸಿದ ಮೇಲೆ ತಾವು ಕೂರದೆ, ನಮ್ಮೆಲ್ಲರ ಮುಖವನ್ನೇ ನೋಡುತ್ತ ನಿಲ್ಲುತ್ತಾರಲ್ಲ, ಹೊಗಳಿಕೆಗೆ ಕಾಯುತ್ತಾರೆ ಅಂದುಕೊಂಡಿದ್ದೆ. ಉಪ್ಪು ಸಾಕೋ ಬೇಕೋ ಎಂದು ಅವರಿಗೆ ತಿಳಿಯುತ್ತಿದ್ದದ್ದೇ ಅಲ್ಲಿ, ನಮ್ಮ ಮುಖದಲ್ಲಿ.